ಹುಣಸೆಹಣ್ಣು ತಿಂದ ಫರಸಿ

"ಯಮನಮ್ಮ ಯಾರ ಮನಿಗೆ ಹೋದರೂ ಮೊದಲ ನೆಲದ ಮಾರಿ ನೋಡ್ತಾಳ, ಆಮ್ಯಾಲ ಮನಿಯವರ ಮಾರಿ," ಎಂದು ತಾಜಸುಲ್ತಾನಪುರದ ಆ ಓಣಿಯ ಮಂದಿ ಹೇಳುತ್ತಿದ್ದರು. ಗೋಡೆಗೆ ಗೋಡೆ ಹಚ್ಚಿದ ಮನೆಯ ನೂರಜಹಾನ್ ಅದಕ್ಕೆ ತನ್ನದೊಂದು ಸೇರಿಸುತ್ತಿದ್ದಳು. "ಹೋಗೋದು ಇರಲಿ, ಬರೋದು ನೋಡ್ರಿ. ನವಾಬನ ದರಬಾರದಾಗಿಂದ ಬಂದಂಗ ಹಿಂದಹಿಂದಕ್ಕ ಸರಕೋತ ಬರ್ತಾಳ." ಇನ್ನೂ ಒಂದು ಮಾತಿತ್ತು, ಅದನ್ನು ಅವಳ ಎದುರಿಗೆ ಯಾರೂ ಆಡುತ್ತಿರಲಿಲ್ಲ. ಯಮನಮ್ಮನ ಮನೆಯ ಸಾರಿಗೆ ಹುಣಸೆಹಣ್ಣು ಬೀಳುವುದಿಲ್ಲ ಎಂಬ ಮಾತು. ಹುಳಿ ಬೇಕಾದರೆ ಪುಂಡಿಪಲ್ಯ, ಸುಗ್ಗಿಯಾದ ಮೇಲೆ ಮಾವಿನಕಾಯಿ. ಹುಣಸೆಹಣ್ಣು ಮಾತ್ರ ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಏನೋ ಹರಕೆ ಇರಬೇಕು ಎಂದವರು ಕೆಲವರು. ನಾಲಿಗೆಯ ರುಚಿ ಕೆಟ್ಟಿದೆ ಎಂದವರು ಕೆಲವರು. ಮಂದಿ ಬಾಯಿಗೆ ಅಗಳಿ ಹಾಕಿದವರುಂಟೆ?

ಮೊದಲ ಎರಡು ಮಾತಂತೂ ಖರೆ. ಯಮನಮ್ಮನ ಗಂಡ ಕಾಶಿರಾಯ ಫರಸಿ ಹಾಸುವ ಮೇಸ್ತ್ರಿ. ಕಲಬುರಗಿ ಕಡೆ ಫರಸಿ ಎಂದರೆ ಶಹಾಬಾದದ ಕಲ್ಲು, ಮಳೆ ಬರುವ ಮುಂಚಿನ ಮೋಡದ ಬಣ್ಣದ್ದು. ಬೇಸಿಗೆಯಲ್ಲಿ ಬರಿಮೈಯಲ್ಲಿ ಮಲಗಿದರೆ ಬೆನ್ನಿಗೆ ತಣ್ಣೀರಿನ ಕೈ ಇಟ್ಟಹಾಗೆ. ಕಾಶಿರಾಯ ಕಲ್ಲು ಹಾಸಿ ಮುಂದಿನ ಮನೆಗೆ ಹೋದರೆ ಯಮನಮ್ಮ ಹಿಂದೆ ಉಳಿದು ತಿಕ್ಕುತ್ತಿದ್ದಳು. ಹೊಸ ನೆಲಕ್ಕಿಂತ ಹಳೆಯ ನೆಲದ ಮೇಲೇ ಅವಳಿಗೆ ಜೀವ. ಹತ್ತು ವರ್ಷದ ಒಗ್ಗರಣೆ ಎಣ್ಣೆ, ಅರಿಶಿಣ, ಕಾಲಿನ ಧೂಳು ಎಲ್ಲಾ ಕೂಡಿ ಕರಿ ತೊಗಲಾಗಿ ಕೂತ ಫರಸಿ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಕೋಣೆಯ ಒಳಗಿನ ಮೂಲೆಯಿಂದ ಶುರು ಮಾಡಿ, ಕುಕ್ಕರಗಾಲಲ್ಲಿ ಹಿಂದಕ್ಕೆ ಸರಿಯುತ್ತ ಬಾಗಿಲಿಗೆ ಬರಬೇಕು. ಹಸಿ ನೆಲದ ಮೇಲೆ ತಿಕ್ಕಿದವಳದೇ ಹೆಜ್ಜೆ ಬೀಳಬಾರದು. ಅದಕ್ಕೇ ನವಾಬನ ದರಬಾರು.

ಕಮಲಾಪುರ ಅವಳ ತವರು. ಅಲ್ಲಿ ಅಣ್ಣ ಚಂದ್ರಾಮಪ್ಪನಿಗೆ ಕೆಂಪು ಬಾಳೆಯ ತೋಟ. ಗೊನೆ ಕೊಯ್ದ ಮೇಲೆ ಕಡಿದು ಹಾಕುವ ಗಿಡವನ್ನು ಒಣಗಿಸಿ, ಒಂದಿಷ್ಟು ಸುಟ್ಟು ಬೂದಿ ಮಾಡಿ, ಒಂದಿಷ್ಟನ್ನು ನಾರು ತೆಗೆದು, ಚೀಲದಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದ. "ಗೊನಿ ಪ್ಯಾಟಿಗೆ, ಗಿಡ ತಂಗಿಗೆ," ಎನ್ನುವುದು ಅವನ ಮಾತು. ಬಾಳೆಬೂದಿಯ ನೀರು ಎಂಥ ಜಿಡ್ಡನ್ನೂ ಬಿಡಿಸುತ್ತದೆ, ಕಲ್ಲಿಗೆ ಮಾತ್ರ ಉಗುರು ತಾಗಿಸುವುದಿಲ್ಲ. ಕೊನೆಗೆ ನಾರಿನ ಉಂಡೆಯನ್ನು ಅಗಸಿ ಎಣ್ಣೆಯಲ್ಲಿ ಅದ್ದಿ ಉಜ್ಜಿದರೆ ನೆಲದಲ್ಲಿ ಮುಖ ಕಾಣಬೇಕು.

ನೆಲ ನೋಡುವ ಚಟ ಅವಳಿಗೆ ಮದುವೆಗೂ ಮೊದಲಿನದು. ಕಾಶಿರಾಯನ ಕಡೆಯವರು ಹೆಣ್ಣು ನೋಡಲು ಕಮಲಾಪುರಕ್ಕೆ ಬಂದಾಗ ಹುಡುಗಿ ತಲೆ ಎತ್ತಲಿಲ್ಲ. ಏನು ನಾಚಿಕೆ, ಏನು ಮರ್ಯಾದೆ ಎಂದು ಹಿರಿಯರು ಅಲ್ಲೇ ಒಪ್ಪಿ ಅಡಿಕೆಲೆ ಹಿಡಿದರು. ಮದುವೆಯಾದ ಎಷ್ಟೋ ದಿನದ ಮೇಲೆ ಕಾಶಿರಾಯ ಕೇಳಿದ. "ಅವತ್ತ ಅಷ್ಟ್ಯಾಕ ನಾಚಿದ್ದಿ?" ಯಮನಮ್ಮ ಅಂದಳು. "ನಾಚಿಕಿ ಎಲ್ಲೀದು. ನಿಮ್ಮಪ್ಪ ಕುಂತಲ್ಲಿ ಫರಸಿ ಮ್ಯಾಲ ಎಣ್ಣಿ ಕಲಿ ಇತ್ತು. ಹ್ಯಾಂಗ ತೆಗೀಬೇಕು ಅಂತ ನೋಡಾಕತ್ತಿದ್ದೆ."

ಇನ್ನು ಹುಣಸೆಹಣ್ಣಿನ ಮಾತು. ಅದು ಎಂಬತ್ಮೂರನೇ ಇಸವಿಯದು.

ಕಾಳುಕಡಿ ಮಾರುವ ಪೇಟೆ ನೆಹರು ಗಂಜಿನ ಹಿಂದಿನ ಓಣಿಯಲ್ಲಿ ಶಾರದಾಬಾಯಿಯವರ ಮನೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು, ಗಂಡ ಇಲ್ಲ, ಶಾಲೆಗೆ ಹೋಗುವ ಮಗ ದತ್ತಪ್ಪ ಒಬ್ಬನೇ. ತೊಗರಿ ಬರುವ ದಿನಗಳಲ್ಲಿ ಗಂಜಿನಿಂದ ಎದ್ದ ಧೂಳು ಆ ಓಣಿಯ ಕಿಟಕಿ, ಕಪಾಟು, ಕಣ್ಣೆವೆ ಯಾವುದನ್ನೂ ಬಿಡುತ್ತಿರಲಿಲ್ಲ. ಪಡಸಾಲೆಗೆ ಫರಸಿ ಹಾಸಿದವನು ಕಾಶಿರಾಯನೇ. ಒಂದೊಂದು ಕಲ್ಲನ್ನೂ ತಟ್ಟಿ ಸದ್ದು ಕೇಳಿ ಆರಿಸಿ ತಂದಿದ್ದ. ದೀಪಾವಳಿ ಎರಡು ದಿನ ಇದೆ ಎನ್ನುವಾಗ ಪಡಸಾಲೆಯ ನಟ್ಟನಡುವೆ ಎಣ್ಣೆ ಡಬ್ಬಿ ಸೋರಿ ಕಲೆಯಾಯಿತೆಂದು ಯಮನಮ್ಮನನ್ನು ಕರೆಸಿದರು.

ಆ ದಿನ ಕಮಲಾಪುರದ ಚೀಲ ಬಂದಿರಲಿಲ್ಲ. ಹಬ್ಬದ ಗದ್ದಲದಲ್ಲಿ ಬಸ್ಸಿನವನು ಚೀಲ ಹಾಕಿಕೊಂಡಿರಲಿಲ್ಲ. ಶಾರದಾಬಾಯಿ ಶಾಲೆಗೆ ಹೋಗಿದ್ದರು. ಹಿತ್ತಲಲ್ಲಿ ಹಬ್ಬದ ಹಿತ್ತಾಳೆ ಪಾತ್ರೆಗಳ ರಾಶಿ. ಖಾಲಿ ಕೈಯಲ್ಲಿ ಕೂಡಲಾರದೆ ಯಮನಮ್ಮ ಅವನ್ನೇ ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಳು. ಕರಿಗಟ್ಟಿದ ಕೊಡ ಬಂಗಾರವಾಯಿತು. ಬಂಗಾರವಾದದ್ದು ಕಂಡು ಅವಳ ತಲೆಗೆ ಹೊಳೆಯಿತು. ಹಿತ್ತಾಳೆಯ ಕಲೆ ಹೋಗುತ್ತದೆ ಎಂದ ಮೇಲೆ ಕಲ್ಲಿನ ಕಲೆ ಯಾಕೆ ಹೋಗಬಾರದು? ಉಳಿದ ಹುಣಸೆಹಣ್ಣನ್ನೆಲ್ಲ ಕಿವುಚಿ ಎಣ್ಣೆ ಕಲೆಯ ಮೇಲೆ ದಪ್ಪಗೆ ಬಡಿದು, ಹಸಿ ಗೋಣಿತಾಟು ಮುಚ್ಚಿ, ಹಿತ್ತಲಲ್ಲಿ ಕೂತು ಬುತ್ತಿಯ ರೊಟ್ಟಿ ಬಿಚ್ಚಿದಳು.

ಬಂದು ತಾಟು ಎತ್ತಿದರೆ ಎಣ್ಣೆ ಕಲೆ ಇದ್ದಲ್ಲೇ ಇತ್ತು. ಸುತ್ತಲಿನ ಕಲ್ಲಿನ ಚರ್ಮ ಹೋಗಿತ್ತು. ಕೈಯಾಡಿಸಿದರೆ ಬೆಕ್ಕಿನ ನಾಲಿಗೆಯ ಹಾಗೆ ಗರಗರ. ಫರಸಿ ಸುಣ್ಣದ ಜಾತಿಯ ಕಲ್ಲು, ಹುಳಿ ಬಿದ್ದರೆ ಕರಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೆದರಿ ದೊರಗು ಸಾಣೆಕಲ್ಲು ಹಿಡಿದು ಒಂದೇ ಸಮನೆ ತಿಕ್ಕಿದಳು. ಅದು ಇನ್ನೂ ಕೆಟ್ಟು, ಅಲ್ಲಲ್ಲಿ ಪದರು ಎದ್ದು ತಗ್ಗು ಬಿತ್ತು.

ಸಂಜೆ ಶಾರದಾಬಾಯಿ ಬಂದರು. ನೋಡಿದರು. ಯಮನಮ್ಮ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಬೈದಿದ್ದರೆ ಒಂದು ಲೆಕ್ಕ. ಅವರು ಕೇಳಿದ್ದು ಇಷ್ಟೇ: "ಊಟ ಮಾಡಿದೇನು?" ಆಮೇಲೆ ಒಳಗಿನಿಂದ ಒಂದು ಚಾಪೆ ತಂದು ತಗ್ಗಿನ ಮೇಲೆ ಹಾಸಿದರು.

ತಿಂಗಳಾದ ಮೇಲೆ ಕಾಶಿರಾಯ ಗಂಜಿನಲ್ಲಿ ಕೇಳಿ ಬಂದ ಸುದ್ದಿ ಎಂದರೆ, ಶಾರದಾಬಾಯಿ ತಮ್ಮ ಕೈಯಿಂದಲೇ ಕೆಂಡ ತುಂಬಿದ ಸಿಗಡಿ ಒಲೆ ಬಿದ್ದು ಫರಸಿ ಕೆಟ್ಟಿತೆಂದು ಎಲ್ಲರಿಗೂ ಹೇಳಿದ್ದಾರಂತೆ. ಯಮನಮ್ಮ ಆ ರಾತ್ರಿ ಉಣ್ಣಲಿಲ್ಲ. ಮಾರನೇ ದಿನ ಮನೆಯಲ್ಲಿದ್ದ ಹುಣಸೆಹಣ್ಣಿನ ಗಡಿಗೆಯನ್ನು ನೂರಜಹಾನಳಿಗೆ ಕೊಟ್ಟುಬಿಟ್ಟಳು. ಅವತ್ತಿನಿಂದ ಗಂಜಿಗೆ ಹೋದರೂ ಆ ಓಣಿ ತಪ್ಪಿಸಿ ದೊಡ್ಡ ರಸ್ತೆ ಸುತ್ತಿಕೊಂಡೇ ಹೋದಳು. ಹೀಗೆ ಇಪ್ಪತ್ತು ವರ್ಷ.

ಆ ಇಪ್ಪತ್ತು ವರ್ಷದಲ್ಲಿ ಕಲಬುರಗಿಯ ಎಷ್ಟು ನೆಲ ಅವಳ ಕೈಯಲ್ಲಿ ಮುಖ ತೊಳೆದುಕೊಂಡವೋ. ಪಾಲಿಶ್ ಮಷೀನು ಬಂತು. ಮಷೀನು ಮುಟ್ಟದ ಮೂಲೆಗೆ ಮತ್ತೆ ಯಮನಮ್ಮನೇ ಬೇಕಾದಳು. ಆಮೇಲೆ ಟೈಲ್ಸ್ ಬಂತು, ಅದಕ್ಕೆ ಯಾರೂ ಬೇಕಾಗಲಿಲ್ಲ. ಕಾಶಿರಾಯ ಕಲ್ಲು ಬಿಟ್ಟು ಟೈಲ್ಸ್ ಹಿಡಿದ. "ಕಲ್ಲಾದರ ಎತ್ತಬೇಕು, ಇದನ್ನ ಅಂಟಿಸಿದರ ಮುಗೀತು," ಎನ್ನುತ್ತಿದ್ದ. ಯಮನಮ್ಮನ ಮೊಣಕಾಲು ಹಿಡಿದುಕೊಂಡವು. ಸೇಡಂ ರಸ್ತೆಯ ಡಾಕ್ಟರು ಎಲುಬಿನ ಫೋಟೋ ತೆಗೆಸಿ, ಇನ್ನು ಕುಕ್ಕರಗಾಲಲ್ಲಿ ಕೂಡಬಾರದು ಎಂದರು. ಕಮಲಾಪುರದಲ್ಲಿ ಅಣ್ಣನ ತೋಟದ ಬದಿಗೆ ಎರಡು ಖೋಲಿ ಕಟ್ಟಿಕೊಂಡದ್ದಾಗಿತ್ತು. ಬರುವ ತಿಂಗಳು ಸಾಮಾನು ಸಾಗಿಸುವುದು, ಕಾಶಿರಾಯ ಅಲ್ಲಿಂದಲೇ ಬಸ್ಸಿನಲ್ಲಿ ಕೆಲಸಕ್ಕೆ ಓಡಾಡುವುದು ಎಂದು ನಿಶ್ಚಯವಾಗಿತ್ತು.

ಅಂಥದರಲ್ಲಿ ಒಂದು ಬುಧವಾರ ಕಾಶಿರಾಯ ಉಣ್ಣುತ್ತ ಹೇಳಿದ. "ಸೋಮವಾರದಿಂದ ಹೊಸ ಕೆಲಸ. ಗಂಜಿನ ಹಿಂದ. ನಿನಗ ಗೊತ್ತಿದ್ದ ಮನಿನೇ."

ಯಮನಮ್ಮನ ಕೈಯಲ್ಲಿ ರೊಟ್ಟಿ ತಟ್ಟುವುದು ನಿಂತಿತು. "ಶಾರದಾಬಾಯಿಯವರದಾ?"

"ಹೂಂ. ದತ್ತಪ್ಪ ಈಗ ಬ್ಯಾಂಕಿನ್ಯಾಗ ಇದ್ದಾನಲ್ಲ, ಅವನೇ ಕರೆಸಿದ್ದ. ಫರಸಿ ಮ್ಯಾಲೇ ಟೈಲ್ಸ್ ಕುಂಡ್ರಸ್ರಿ ಅಂದ. ಅವರ ಅವ್ವನ ಕಾಲ ಸುಮಾರ ಆಗ್ಯಾವ. ನಡುವಿನ ತಗ್ಗಿನ್ಯಾಗ ಕಾಲ ಸಿಕ್ಕು ಬಿದ್ದಗಿದ್ದಾಳು ಅಂತ ಅವಗ ಅಂಜಿಕಿ."

"ಆ ತಗ್ಗು ನಂದು."

"ನಿಂದಾದರ ಏನಾತು, ಮುಚ್ಚಾಕ ನಾ ಹೊಂಟೀನಲ್ಲ. ಗಂಡ ಅನ್ನಾಂವ ಮತ್ತ್ಯಾತಕ್ಕ ಇರ್ತಾನ?"

ಯಮನಮ್ಮ ನಗಲಿಲ್ಲ. "ಮುಚ್ಚೋದು ಬ್ಯಾರೆ, ಗುಣ ಮಾಡೋದು ಬ್ಯಾರೆ," ಎಂದಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಕರ್ರಗಾಯಿತು.

ಗುರುವಾರ ಬೆಳಗಾಗುವಾಗ ಬೂದಿಯ ಚೀಲ, ನಾರು, ಸಾಣೆಕಲ್ಲುಗಳ ಗಂಟು ಹೊತ್ತು ಆ ಓಣಿಗೆ ಹೋದಳು. ಬಾಗಿಲು ತೆಗೆದವರು ಶಾರದಾಬಾಯಿ. ತಲೆ ಪೂರಾ ಬೆಳ್ಳಗಾಗಿತ್ತು, ಕೈಯಲ್ಲಿ ಕೋಲು. 

"ಬಾ ಯಮನಮ್ಮ. ಊಟ ಮಾಡಿದೇನು?"

ಇಪ್ಪತ್ತು ವರ್ಷ ನಡುವೆ ಬಂದೇ ಇಲ್ಲ ಎನ್ನುವ ಹಾಗೆ ಕೇಳಿದರು.  ಯಮನಮ್ಮನ ಕಣ್ಣು ರೂಢಿಯ ಹಾಗೆ ನೆಲಕ್ಕೆ ಹೋಗಿತ್ತು. ಪಡಸಾಲೆಯ ಫರಸಿ ಕಪ್ಪಿಟ್ಟು, ಸಂದಿನಲ್ಲೆಲ್ಲ ತೊಗರಿ ಧೂಳು ಮೆತ್ತಿ, ಎಲ್ಲೆಲ್ಲೂ ಸಣ್ಣ ಸಣ್ಣ ತಗ್ಗು. ನಟ್ಟನಡುವೆ ಆ ಜಾಗ. ಅದರ ಮೇಲೆ ಚಾಪೆ ಇರಲಿಲ್ಲ. ಬಂದವರಿಗೆಲ್ಲ ಕಾಣುವ ಹಾಗೆ ಬಯಲಿಗೆ ಬಿದ್ದಿತ್ತು.

ಬ್ಯಾಂಕಿಗೆ ಹೊರಟಿದ್ದ ದತ್ತಪ್ಪ ಅವಳು ಬಂದ ಕಾರಣ ಕೇಳಿ ಬೂಟಿನ ದಾರ ಕಟ್ಟುತ್ತ ಹೇಳಿದ. "ನೋಡ್ರಿ ಯಮನಮ್ಮ, ನನಗ ಹೊಳಪಿನ ಹುಚ್ಚಿಲ್ಲ. ಅವ್ವ ಬೀಳಬಾರದು, ಇಷ್ಟೇ. ಸೋಮವಾರ ನಿಮ್ಮ ಮನಿಯವರೇ ಬರ್ತಾರ. ಅಷ್ಟರಾಗ ಈ ನೆಲದಿಂದ ಅವ್ವಗ ಅಪಾಯ ಇಲ್ಲ ಅಂತ ನನಗ ಅನಿಸಬೇಕು. ಅನಿಸಿದರ ಫರಸಿ ಉಳೀತದ, ಇಲ್ಲಂದರ ಟೈಲ್ಸ್."

"ನಾಕ ದಿನ ಸಾಕು," ಎಂದಳು ಯಮನಮ್ಮ.

ಮೊದಲ ದಿನ ಸಂದಿನ ಧೂಳನ್ನೆಲ್ಲ ಚೂರಿಯ ಮೊನೆಯಿಂದ ಕೆದರಿ ತೆಗೆದಳು. ಬಾಳೆಬೂದಿಯನ್ನು ಅಂಬಲಿಯ ಹದಕ್ಕೆ ಕಲಸಿ ನೆಲಕ್ಕೆಲ್ಲ ಬಳಿದು ಹಸಿ ತಾಟು ಹೊದಿಸಿದಳು. ಸಂಜೆ ತೊಳೆದರೆ ಹರಿದು ಹೋದ ನೀರು ಚಹಾದ ಬಣ್ಣದ್ದು. ಎರಡನೇ ದಿನ ಅದೇ ಜಾತಿಯ ಕಲ್ಲಿನ ಹಿಟ್ಟನ್ನು ಸೋಸಿ, ಬಿಳಿ ಸಿಮೆಂಟು ಕೂಡಿಸಿ, ಬೆರಳ ತುದಿಯಿಂದ ತಗ್ಗು ತುಂಬಿದಳು. ನಡುವಿನ ಜಾಗದಲ್ಲಿ ಆಳವಾದವನ್ನಷ್ಟೇ ತುಂಬಿ ಉಳಿದದ್ದನ್ನು ಕೊನೆಗೆ ಇಟ್ಟಳು. ಹಬ್ಬದ ಹೋಳಿಗೆ ಕೊನೆಗೆ ಉಣ್ಣುವ ಹಾಗೆ. ಅದಕ್ಕೆಂದೇ ಗಂಟಿನ ತಳದಲ್ಲಿ ಎಲ್ಲಕ್ಕಿಂತ ನುಣುಪಾದ ಸಾಣೆಕಲ್ಲು ಇತ್ತು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ಅದೂ ಆಗದಾಗ ಚಿಕ್ಕ ಮಣೆಯ ಮೇಲೆ ಕೂತು ತಿಕ್ಕಿದಳು. ಶನಿವಾರ ಮಧ್ಯಾಹ್ನಕ್ಕೆ ನಡುವಿನದೊಂದು ಬಿಟ್ಟು ಪಡಸಾಲೆಯೆಲ್ಲ ಮೋಡದ ಬಣ್ಣಕ್ಕೆ ಬಂದಿತ್ತು, ಕಿಟಕಿಯ ಸರಳು ನೆಲದಲ್ಲಿ ಕಾಣುತ್ತಿದ್ದವು.

ನುಣುಪು ಸಾಣೆಕಲ್ಲನ್ನು ನೀರಿಗೆ ಹಾಕಿ ಕೂತಿದ್ದಳು, ಆಗ ಶಾರದಾಬಾಯಿ ಒಳಗಿನ ಕೋಣೆಯಿಂದ ಬಂದರು. ಅಡಿಗೆ ಮನೆಗೆ ಹೋಗಬೇಕಾದರೆ ಪಡಸಾಲೆ ದಾಟಬೇಕು. ಹೊಳೆಯುವ ಫರಸಿಯ ಮೇಲೆ ಕಾಲಿಟ್ಟವರು ಒಂದು ಕೈಯಲ್ಲಿ ಗೋಡೆ, ಒಂದು ಕೈಯಲ್ಲಿ ಕೋಲು ಹಿಡಿದರು. ಬೇರೆ ಯಾರಾದರೂ ಆಗಿದ್ದರೆ ಮುಖ ನೋಡುತ್ತಿದ್ದರು. ಯಮನಮ್ಮ ನೋಡಿದ್ದು ಪಾದ. ಕಾಲಿನ ಬೆರಳೆಲ್ಲ ಮುದುರಿಕೊಂಡು ನೆಲವನ್ನು ಚಿವುಟುತ್ತಿದ್ದವು. ನಡುವಿನ ಆ ಜಾಗಕ್ಕೆ ಬರುತ್ತಲೇ ಬೆರಳುಗಳು ಬಿಚ್ಚಿಕೊಂಡವು. ಪಾದ ಪೂರಾ ಊರಿತು. ಶಾರದಾಬಾಯಿ ಕೋಲನ್ನು ಕಂಕುಳಿಗೆ ಸೇರಿಸಿ, ಎರಡೂ ಕೈ ಬಿಟ್ಟು ನಿಂತು, ಸೀರೆಯ ಸೆರಗು ಸರಿಮಾಡಿಕೊಂಡರು.

ಯಮನಮ್ಮ ಸಾಣೆಕಲ್ಲನ್ನು ನೀರಿನಿಂದ ತೆಗೆಯಲಿಲ್ಲ.

"ಬಾಯಿ, ಇಲ್ಲಿ ಚಾಪಿ ಇತ್ತಲ್ರಿ. ಯಾವಾಗ ತೆಗದ್ರಿ?"

"ಎಂಟು ವರ್ಷ ಆತು. ಶಾಲಿ ಮೆಟ್ಟಲಿನ್ಯಾಗ ಬಿದ್ದೆನಲ್ಲ, ಆವಾಗಿಂದ. ಚಾಪಿ ಜಾರ್ತದ, ಫರಸಿ ಜಾರ್ತದ. ಇದೊಂದ ಜಾಗ ಜಾರಂಗಿಲ್ಲ ನೋಡು." ಅವರು ಪಾದವನ್ನು ಆ ಒರಟಿನ ಮೇಲೆ ಹಿಂದೆ ಮುಂದೆ ಸರಿಸಿದರು. "ಇಲ್ಲಿ ಬಂದು ನಿಂತರ ಕಾಲ ನಂದು ಅನಸ್ತದ. ಅರ್ಧ ಹಾದಿ ಆತು ಅಂತ ಇಲ್ಲಿ ಉಸಿರ ತಗೊಂಡು ಮುಂದ ಹೋಗ್ತೇನಿ. ದತ್ತಪ್ಪಗ ಹೇಳಿದರ ತಿಳಿಯಂಗಿಲ್ಲ."

"ಸಿಗಡಿ ಬಿತ್ತು ಅಂತ ಯಾಕ ಹೇಳಿದ್ರಿ ಮಂದಿಗೆ?"

ಶಾರದಾಬಾಯಿ ನಕ್ಕರು. "ನಿನ್ನ ಹೆಸರ ಹೇಳಿದ್ದರ ಮುಂದ ನಿನ್ನ ಯಾರ ಕರೀತಿದ್ರು? ಸಿಗಡಿ ಏನ್ ನಾಳೆ ಮಂದಿ ಮನಿ ಕೆಲಸಕ್ಕ ಹೋಗಬೇಕಾಗಿತ್ತಾ?"

ಆ ಸಂಜೆ ಯಮನಮ್ಮ ಮನೆಗೆ ಹೋಗಿ ಲೆಕ್ಕ ಹಾಕಿದಳು. ಇಪ್ಪತ್ತು ವರ್ಷ ಅವಳ ಆಸೆ ಇದ್ದದ್ದು ಒಂದೇ, ಆ ಜಾಗ ಅಳಿಸಿ ಹೋಗಬೇಕು, ಕೈಯಾಡಿಸಿದರೆ ಎಲ್ಲಿತ್ತು ಎಂದು ಗೊತ್ತಾಗಬಾರದು. ಈಗ ಆ ಕಲ್ಲು ಕೈಗೆ ಸಿಕ್ಕಿದೆ, ಎರಡು ತಾಸಿನ ಕೆಲಸ. ನುಣುಪು ಮಾಡಿದರೆ ಅವಳ ತಪ್ಪು ಹೋಗುತ್ತದೆ, ಶಾರದಾಬಾಯಿಯವರ ಕಾಲಿನ ಆಸರೆಯೂ ಹೋಗುತ್ತದೆ. ಬಿಟ್ಟರೆ ದತ್ತಪ್ಪನ ಕಣ್ಣಿಗೆ ಅದು ತಗ್ಗೇ, ಟೈಲ್ಸ್ ಬರುತ್ತದೆ. ಟೈಲ್ಸು ಫರಸಿಗಿಂತ ನುಣುಪು.

ಗಂಡನನ್ನು ಕೇಳಿದಳು. "ಅಲ್ರೀ, ನಿಮ್ಮ ಟೈಲ್ಸ್ ಮ್ಯಾಲ ನೀರ ಬಿದ್ದರ?"

"ಅದನ್ನ ಕೇಳಬ್ಯಾಡ," ಎಂದ ಕಾಶಿರಾಯ. "ಮೊನ್ನೆ ನಾನೇ ಬಿದ್ದೀನಿ. ಎಲ್ಲಿ ಬಿದ್ದೆ ಅಂತ ನೂರಜಹಾನಗ ಹೇಳಬ್ಯಾಡ."

ಭಾನುವಾರ ಬೆಳಿಗ್ಗೆ ಅವಳು ಗಂಟಿನಿಂದ ತೆಗೆದದ್ದು ಎಲ್ಲಕ್ಕಿಂತ ದೊರಗು ಸಾಣೆಕಲ್ಲು. ಒಳಗಿನ ಕೋಣೆಯ ಬಾಗಿಲಿನಿಂದ ನಡುವಿನ ಜಾಗದವರೆಗೆ, ಅಲ್ಲಿಂದ ಅಡಿಗೆ ಮನೆಗೆ, ಇನ್ನೊಂದು ಕಡೆ ಹೊರಬಾಗಿಲಿನ ಹೊಸ್ತಿಲಿಗೆ, ಒಂದು ಕಲ್ಲಿನ ಅಗಲ ಹಾದಿ ಹಿಡಿದು ತಾನೇ ಮೂರು ದಿನ ತಂದ ಹೊಳಪನ್ನು ತಾನೇ ತೆಗೆಯತೊಡಗಿದಳು. ಸಾಣೆಕಲ್ಲು ಕರಕರ ಎಂದಾಗಲೆಲ್ಲ ಅವಳ ಹಲ್ಲು ಕಚ್ಚಿಕೊಳ್ಳುತ್ತಿದ್ದವು. ಹುಣಸೆಹಣ್ಣು ತಿಂದ ಜಾಗವನ್ನು ಮಾದರಿ ಇಟ್ಟುಕೊಂಡು, ಅದನ್ನೊಮ್ಮೆ ಮುಟ್ಟಿ ಇದನ್ನೊಮ್ಮೆ ಮುಟ್ಟಿ, ಅದರಷ್ಟೇ ಒರಟು, ಅದಕ್ಕಿಂತ ಹೆಚ್ಚಲ್ಲ ಎನ್ನುವ ಹಾಗೆ ಸಮ ಮಾಡಿದಳು. ಆ ಜಾಗಕ್ಕೆ ಬೂದಿನೀರು ಹಾಕಿ ತೊಳೆದದ್ದು ಬಿಟ್ಟರೆ ಸಾಣೆ ಮುಟ್ಟಿಸಲಿಲ್ಲ. ಕೊನೆಗೆ ಹಾದಿಯ ಎರಡೂ ಬದಿಯ ಫರಸಿಗೆ ಅಗಸಿ ಎಣ್ಣೆ ಉಜ್ಜಿದಳು. ಹಾದಿಗೆ ಹನಿಯೂ ತಾಗಲಿಲ್ಲ. ಕರಿಮೋಡದ ನಡುವೆ ತಿಳಿ ಬೂದಿಬಣ್ಣದ ಹಾದಿ ಎದ್ದು ಕಂಡಿತು.

ಸಂಜೆ ದತ್ತಪ್ಪ ಕಾಶಿರಾಯನನ್ನು ಕರೆದುಕೊಂಡೇ ಬಂದ, ಅಳತೆ ಹಿಡಿಯಲು. ಹೊಸ್ತಿಲಲ್ಲಿ ನಿಂತು ನೋಡಿದ.

"ಎಲ್ಲಾ ಚಂದ ಆಗ್ಯಾದ. ನಡುವ ಇದೇನ್ರಿ, ಎತ್ತು ಹೋದ ಹಾದಿ ಇದ್ದಂಗ? ಹೊಳಪ ಬರಲಿಲ್ಲೇನು?"

ಕಾಶಿರಾಯ ಬಗ್ಗಿ ಕೈಯಾಡಿಸಿದ. ಅವನಿಗೆ ತಿಳಿಯಿತು. ಬಂದ ಹೊಳಪನ್ನು ತೆಗೆದ ಕೈ ಯಾವುದು, ಬಾರದ ಹೊಳಪು ಯಾವುದು ಎಂದು ಅವನಿಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು. ಹೆಂಡತಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡ.

"ಬಾಯಿ, ಜರಾ ಬರ್ರಿ," ಎಂದಳು ಯಮನಮ್ಮ.

ಶಾರದಾಬಾಯಿ ಕೋಣೆಯಿಂದ ಹೊರಗೆ ಬಂದು ರೂಢಿಯಂತೆ ಗೋಡೆಗೆ ಕೈ ಚಾಚಿದರು. ಪಾದಕ್ಕೆ ಏನು ಸಿಕ್ಕಿತೋ, ಚಾಚಿದ ಕೈ ಹಿಂದಕ್ಕೆ ಬಂತು. ಕೋಲನ್ನು ಬಾಗಿಲ ಚೌಕಟ್ಟಿಗೆ ಆನಿಸಿ ಇಟ್ಟರು. ಒಂದು ಹೆಜ್ಜೆ, ಇನ್ನೊಂದು. ನಡುವಿನ ಜಾಗದಲ್ಲಿ ರೂಢಿಯಿಂದ ನಿಂತರು, ನಿಲ್ಲುವ ಕಾರಣ ಇಲ್ಲ ಎಂದು ಗೊತ್ತಾಗಿ ಮುಂದೆ ಹೋದರು. ಅಡಿಗೆ ಮನೆಯಿಂದ ಒಂದು ತಂಬಿಗೆ ನೀರು ಎರಡೂ ಕೈಯಲ್ಲಿ ಹಿಡಿದು ತಂದು ಮಗನ ಮುಂದೆ ನಿಂತರು. "ಹೊರಗಿಂದ ಬಂದಿ, ತಗೋ."

ದತ್ತಪ್ಪ ನೀರು ಕುಡಿಯಲಿಲ್ಲ. ತಂಬಿಗೆ ಹಿಡಿದು ಅವ್ವನ ಕಾಲು ನೋಡುತ್ತ ನಿಂತ. ಆಮೇಲೆ ಕೆಳಗೆ ಕೂತು ಬೂಟು ಬಿಚ್ಚಿ ಹೊರಗಿಟ್ಟ. "ಕಾಶಿರಾಯ, ಆ ಟೈಲ್ಸ್ ಬಚ್ಚಲ ಗ್ವಾಡಿಗೆ ಹಚ್ಚಿಬಿಡ್ರಿ. ಗ್ವಾಡಿ ಮ್ಯಾಲ ಯಾರೂ ನಡಿಯಂಗಿಲ್ಲಲ್ಲ."

"ನನ್ನ ಹೆಂಡ್ತಿ ನನ್ನ ಕೆಲಸ ಗ್ವಾಡಿ ಹತ್ತಿಸಿಬಿಟ್ಟಳು," ಎಂದ ಕಾಶಿರಾಯ.

ಶಾರದಾಬಾಯಿ ಯಮನಮ್ಮನನ್ನು ಊಟ ಮಾಡದೆ ಬಿಡಲಿಲ್ಲ. ಅಡಿಗೆ ಮನೆಯಲ್ಲಿ ಮಣೆ ಹಾಕಿದರು. ಅನ್ನಕ್ಕೆ ಬಿಸಿ ಸಾರು ಬಡಿಸಿದರು. ಹುಣಸೆಹಣ್ಣಿನ ಹುಳಿ ಮೂಗಿಗೆ ಮೊದಲೇ ಹೊಡೆಯಿತು. ಯಮನಮ್ಮ ಅನ್ನ ಕಲಸಿದಳು, ಉಂಡಳು, ಇನ್ನೊಂದು ಸಲ ಹಾಕಿಸಿಕೊಂಡಳು.

ಗಂಟು ಕಟ್ಟಿದಳು. ಅಗಸಿ ಎಣ್ಣೆ ಇನ್ನೂ ಹಸಿ, ಎರಡು ಬದಿಗೂ ಕಾಲಿಡುವ ಹಾಗಿರಲಿಲ್ಲ. ರೂಢಿಯ ಹಾಗೆ ಹೊಸ್ತಿಲಿಗೆ ಬೆನ್ನು ಮಾಡಿ ಹಿಂದಕ್ಕೆ ಸರಿಯಲು ನಿಂತಳು. ಶಾರದಾಬಾಯಿ ಆ ಜಾಗದಲ್ಲಿ ನಿಂತು ಕೇಳಿದರು. "ಹಂಗ್ಯಾಕ ಹೊಂಟಿ? ಹಾದಿ ಮಾಡಿದಾಕಿ ನೀನೇ ಇದ್ದಿ."

ಯಮನಮ್ಮ ಹೊರಳಿದಳು. ತಲೆಯ ಮೇಲೆ ಗಂಟು ಇಟ್ಟುಕೊಂಡು, ಆ ಬೂದಿಬಣ್ಣದ ಹಾದಿ ಹಿಡಿದು, ಮುಖ ಬೀದಿಗೆ ಮಾಡಿ, ನೆಟ್ಟಗೆ ನಡೆದು ಹೊಸ್ತಿಲು ದಾಟಿದಳು. ಹೊರಗೆ ಕಾಶಿರಾಯ ಸೈಕಲ್ ಹಿಡಿದು ನಿಂತಿದ್ದ. ಗಂಜಿನ ಕಡೆಯಿಂದ ಧೂಳು ಏಳುತ್ತಿತ್ತು. ಅವಳು ದೊಡ್ಡ ರಸ್ತೆ ಸುತ್ತಲಿಲ್ಲ, ಆ ಓಣಿಯಲ್ಲೇ ಹೋದಳು.